ಮೇಜಿನಿಂದ ಅಂಗೈಗೆ: ಬ್ರೌಸರ್ ಇಳಿದು ಬಂದ ದಾರಿ

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿನಲ್ಲಿ ಹೊಲ ಇದ್ದವರಿಗೆ ಪಹಣಿಯ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳೆಸಾಲ, ಬೆಳೆವಿಮೆ, ಬರ ಪರಿಹಾರ, ಅಣ್ಣತಮ್ಮಂದಿರ ಭಾಗ, ಯಾವುದಕ್ಕೂ ಮೊದಲು ಕೇಳುವುದು ಅದನ್ನೇ. ಒಂದು ಕಾಲದಲ್ಲಿ ಅದು ಗ್ರಾಮಲೆಕ್ಕಿಗರ ದಫ್ತರದಲ್ಲಿತ್ತು. ‘ಭೂಮಿ’ ಯೋಜನೆ ಬಂದ ಮೇಲೆ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರ ಸೇರಿದವು. 2000ದ ದಶಕದ ಆರಂಭದಲ್ಲಿ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪ್ರತಿ ಕೈಗೆ ಸಿಗತೊಡಗಿತು. 2006ರ ಸುಮಾರಿಗೆ ಆರಂಭವಾದ ನೆಮ್ಮದಿ ಕೇಂದ್ರಗಳು ಈ ಸೌಲಭ್ಯವನ್ನು ಹೋಬಳಿ ಮಟ್ಟಕ್ಕೆ ತಂದವು.

ಇಂದು ಅದೇ ಪಹಣಿ ಫೋನಿನಲ್ಲಿ ತೆರೆದುಕೊಳ್ಳುತ್ತದೆ. ಜಿಲ್ಲೆ ರಾಯಚೂರು, ತಾಲ್ಲೂಕು ರಾಯಚೂರು, ಹೋಬಳಿ ಗಿಲ್ಲೆಸುಗೂರು, ಆಮೇಲೆ ಗ್ರಾಮ, ಸರ್ವೆ ನಂಬರು, ಹಿಸ್ಸಾ. ಒಂದೊಂದನ್ನೇ ಆರಿಸುತ್ತ ಹೋದರೆ ಹೊಲದ ವಿವರ ಅಂಗೈಯಲ್ಲಿ ಮೂಡುತ್ತದೆ. ಇದನ್ನು ತೋರಿಸುವ ಸಾಧನದ ಹೆಸರು ಬ್ರೌಸರ್. ಜಾಲವೀಕ್ಷಕ ಎಂದೂ ಅದನ್ನು ಕರೆಯುತ್ತಾರೆ. ಮೇಜಿನ ಮೇಲಿನ ದೊಡ್ಡ ಗಣಕಕ್ಕೆಂದು ಹುಟ್ಟಿದ ಈ ಸಾಧನ ಜೇಬಿನೊಳಗಿನ ಫೋನಿಗೆ ಹೇಗೆ ಬಂತು? ಚಿಕ್ಕದು ಮಾಡಿದರು, ಬಂತು ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂತಿಲ್ಲ. ಅದಕ್ಕೆ ಮೂರು ದಾರಿಗಳನ್ನು ಹಿಡಿಯಲಾಯಿತು. ಆ ಮೂರರಲ್ಲೂ ಕನ್ನಡ ಓದುಗನ ಪಾಲಿಗೆ ಎದ್ದು ನಿಂತ ಪ್ರಶ್ನೆ ಒಂದೇ: ಕನ್ನಡದ ಅಕ್ಷರವನ್ನು ಬರೆಯುವವರು ಯಾರು?

ದೊಡ್ಡ ಪರದೆಯ ಕೂಸು

ವಿಶ್ವವ್ಯಾಪಿ ಜಾಲದ ಮೊದಲ ಬ್ರೌಸರನ್ನು ಟಿಮ್ ಬರ್ನರ್ಸ್ ಲೀ ಅವರು ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ 1990ರಲ್ಲಿ ಬರೆದರು. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ತಯಾರಾದ ಮೊಸಾಯಿಕ್ ಅದನ್ನು ಜನಪ್ರಿಯಗೊಳಿಸಿತು. 1994ರಲ್ಲಿ ನೆಟ್‌ಸ್ಕೇಪ್, 1995ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬಂದವು. ಇವೆಲ್ಲವೂ ಕೆಲವು ಸಂಗತಿಗಳನ್ನು ನಂಬಿಕೊಂಡಿದ್ದವು. ಬಳಸುವವನ ಮುಂದೆ ಅಗಲವಾದ ಪರದೆ ಇರುತ್ತದೆ. ಕೈಯಲ್ಲಿ ಮೌಸ್ ಇರುತ್ತದೆ. ಎದುರಿಗೆ ಕೀಲಿಮಣೆ ಇರುತ್ತದೆ. ವಿದ್ಯುತ್ ಗೋಡೆಯಿಂದ ಬರುತ್ತದೆ. ಫೋನಿನಲ್ಲಿ ಇವು ಯಾವುವೂ ಇರಲಿಲ್ಲ.

ಅಂತರ ಎಷ್ಟಿತ್ತೆಂಬುದಕ್ಕೆ ಒಂದು ಲೆಕ್ಕ ನೋಡಬಹುದು. ಆಗಿನ ಸಾಧಾರಣ ಗಣಕ ಪರದೆಯಲ್ಲಿ ಅಡ್ಡಕ್ಕೆ 1024, ಉದ್ದಕ್ಕೆ 768 ಚುಕ್ಕಿಗಳಿರುತ್ತಿದ್ದವು. 1999ರಲ್ಲಿ ಬಂದ ನೋಕಿಯಾ 7110 ಫೋನಿನ ಪರದೆಯಲ್ಲಿದ್ದುದು ಅಡ್ಡಕ್ಕೆ 96, ಉದ್ದಕ್ಕೆ 65 ಚುಕ್ಕಿ. ಅದೂ ಕಪ್ಪು ಬಿಳುಪು. ಗುಣಿಸಿ ನೋಡಿದರೆ ಗಣಕದ ಪರದೆ 126 ಪಟ್ಟು ದೊಡ್ಡದು. ದಿನಪತ್ರಿಕೆಯ ಒಂದು ಪುಟವನ್ನು ಅಂಚೆಚೀಟಿಯ ಮೇಲೆ ಅಚ್ಚು ಹಾಕಿ ಎಂದಂತೆ.

ಪುಟವನ್ನೇ ಬೇರೆ ಬರೆದರು

ಮೊದಲ ದಾರಿ ಹಿಡಿದವರು ಬ್ರೌಸರನ್ನು ಇಳಿಸುವ ಗೊಡವೆಗೇ ಹೋಗಲಿಲ್ಲ. ಫೋನಿಗೆ ಬೇರೆಯದೇ ಪುಟ ಬರೆಯೋಣ ಎಂದರು. 1997ರಲ್ಲಿ ಫೋನ್ ತಯಾರಕರು ಕೂಡಿ ವ್ಯಾಪ್ ಎಂಬ ವೇದಿಕೆ ಕಟ್ಟಿದರು. ಮರುವರ್ಷ ಅದರ ನಿಯಮಾವಳಿ ಹೊರಬಂತು. ಇದರಲ್ಲಿ ಪುಟದ ಬದಲು ‘ಕಾರ್ಡು’ಗಳಿದ್ದವು. ಇಸ್ಪೀಟಿನ ಕಟ್ಟಿನಂತೆ ನಾಲ್ಕೈದು ಕಾರ್ಡುಗಳು ಒಟ್ಟಿಗೆ ಬರುತ್ತಿದ್ದವು. ಒಂದೊಂದರಲ್ಲೂ ನಾಲ್ಕಾರು ಸಾಲು. ಸಾಧಾರಣ ಜಾಲಪುಟಗಳು ಇದರಲ್ಲಿ ತೆರೆಯುತ್ತಿರಲಿಲ್ಲ. ಸಂಸ್ಥೆಗಳು ಪ್ರತಿಯೊಂದನ್ನೂ ಎರಡೆರಡು ಸಲ ಬರೆಯಬೇಕಿತ್ತು, ಮತ್ತು ಹೆಚ್ಚಿನವು ಆ ಕಷ್ಟ ತೆಗೆದುಕೊಳ್ಳಲಿಲ್ಲ. ಫೋನಿನಲ್ಲಿ ಕನ್ನಡದ ಅಕ್ಷರರೂಪವೇ ಇಲ್ಲದ್ದರಿಂದ ಕನ್ನಡಿಗನ ಮಟ್ಟಿಗೆ ವ್ಯಾಪ್ ಕನ್ನಡಿಯೊಳಗಿನ ಗಂಟಾಗಿಯೇ ಉಳಿಯಿತು.

ಇದೇ ದಾರಿಯನ್ನು ಇನ್ನೊಂದು ಕಾಳಜಿಯಿಂದ ಹಿಡಿದವರು ನಮ್ಮ ಬೆಂಗಳೂರಿನಲ್ಲೇ ಇದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು ಎನ್‌ಕೋರ್ ಸಂಸ್ಥೆಯ ಜೊತೆ ಸೇರಿ 2001ರ ಏಪ್ರಿಲ್‌ನಲ್ಲಿ ‘ಸಿಂಪ್ಯೂಟರ್’ ಅನ್ನು ಜಗತ್ತಿಗೆ ತೋರಿಸಿದರು. ಅದು ಫೋನ್ ಅಲ್ಲ, ಅಂಗೈಯಗಲದ ಗಣಕ. ಬೆಲೆ 9,000 ರೂಪಾಯಿಯ ಆಸುಪಾಸಿನಲ್ಲಿರಬೇಕೆಂಬುದು ಗುರಿ. ಒಂದೊಂದು ಮನೆಗೆ ಬೇಡ, ಊರಿಗೊಂದು ಇದ್ದರೂ ಸಾಕು. ಪ್ರತಿಯೊಬ್ಬರೂ ತಮ್ಮ ತಮ್ಮ ಸ್ಮಾರ್ಟ್ ಕಾರ್ಡ್ ಹಾಕಿ ಬಳಸಲಿ ಎಂಬುದು ಅದರ ಹಿಂದಿನ ಆಲೋಚನೆ.

ಸಿಂಪ್ಯೂಟರ್‌ನ ಬ್ರೌಸರ್ ವಿಶೇಷವಾಗಿತ್ತು. ಅದಕ್ಕೆಂದೇ ‘ಐಎಂಎಲ್’ ಎಂಬ ಪ್ರತ್ಯೇಕ ಪುಟಭಾಷೆ ರೂಪಿಸಲಾಗಿತ್ತು. ಚಿತ್ರ, ಅಕ್ಷರ, ಧ್ವನಿ ಮೂರನ್ನೂ ಕೂಡಿಸಿ ಓದು ಬಾರದವರಿಗೂ ಪುಟ ಅರ್ಥವಾಗುವಂತೆ ಮಾಡುವುದು ಉದ್ದೇಶ. ರಮೇಶ್ ಹರಿಹರನ್ ಅವರು ರೂಪಿಸಿದ ‘ಧ್ವನಿ’ ತಂತ್ರಾಂಶ ಕನ್ನಡ ಮತ್ತು ಹಿಂದಿಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಚಿಕ್ಕ ಪರದೆಯ ಮುಂದೆ ಕುಳಿತವನು ಯಾರು ಎಂದು ಮೊದಲು ಕೇಳಿಕೊಂಡು, ಆಮೇಲೆ ಬ್ರೌಸರ್ ಕಟ್ಟಿದ ಅಪರೂಪದ ಪ್ರಯತ್ನವಿದು. 2004ರಲ್ಲಿ ಪೀಕೋಪೆಟಾ ಮತ್ತು ಬಿಇಎಲ್ ಸೇರಿ ‘ಅಮಿಡಾ’ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದವು. ಮಾರಾಟ ನಿರೀಕ್ಷೆಯ ಹತ್ತಿರಕ್ಕೂ ಹೋಗಲಿಲ್ಲ. ಅಷ್ಟರಲ್ಲಿ ಅಗ್ಗದ ಫೋನುಗಳು ಊರೂರಿಗೂ ಬಂದಿದ್ದವು. ಮಾತಾಡಲಾಗದ ಪೆಟ್ಟಿಗೆಗೆ ಅಷ್ಟು ದುಡ್ಡು ಕೊಡುವವರು ಕಡಿಮೆಯಾದರು.

ಕನ್ನಡದ ಕಗ್ಗಂಟು

ಮುಂದಿನ ಕಥೆ ಅರ್ಥವಾಗಬೇಕಾದರೆ ಗಣಕದಲ್ಲಿ ಕನ್ನಡ ಹೇಗೆ ಕೂರುತ್ತದೆ ಎಂಬುದನ್ನು ಸ್ವಲ್ಪ ತಿಳಿಯಬೇಕು. ‘ಗಿಲ್ಲೆಸುಗೂರು’ ಎಂಬ ಹೆಸರನ್ನೇ ತೆಗೆದುಕೊಳ್ಳೋಣ. ಓದುವವನ ಕಣ್ಣಿಗೆ ಅದು 5 ಅಕ್ಷರ. ಆದರೆ ಯುನಿಕೋಡ್ ವಿಧಾನದಲ್ಲಿ ಗಣಕ ಅದನ್ನು 12 ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ: ಗ, ಗುಡಿಸು, ಲ, ವಿರಾಮ ಚಿಹ್ನೆ, ಇನ್ನೊಂದು ಲ, ಎತ್ವ, ಹೀಗೆ. ಜಾಲದಲ್ಲಿ ಸಾಗುವಾಗ ಒಂದೊಂದು ಸಂಕೇತಕ್ಕೂ 3 ಬೈಟ್ ಜಾಗ ಬೇಕು, ಒಟ್ಟು 36. ಅದೇ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ 10 ಅಕ್ಷರ, 10 ಬೈಟ್, ಮುಗಿಯಿತು.

ಜಾಗದ ಮಾತು ಹಾಗಿರಲಿ, ನಿಜವಾದ ತೊಡಕು ಜೋಡಣೆಯದು. ಎರಡನೆಯ ‘ಲ’ ಮೊದಲನೆಯದರ ಕೆಳಗೆ ಒತ್ತಾಗಿ ಇಳಿಯಬೇಕು. ಅದರ ನಂತರ ಬಂದ ಎತ್ವ ಮಾತ್ರ ಮೇಲೆ ಹೋಗಿ ಮೊದಲ ‘ಲ’ದ ತಲೆಯ ಮೇಲೆ ಕೂರಬೇಕು. ‘ಕರ್ನಾಟಕ’ ಎಂದು ಬರೆದರೆ ಮೊದಲು ಉಚ್ಚರಿಸುವ ‘ರ’ ಹಿಂದೆ ಸರಿದು ಅರ್ಕಾವತ್ತಾಗಬೇಕು. ಹಳೆಯ ಮುದ್ರಣಾಲಯಗಳಲ್ಲಿ ಮೊಳೆ ಜೋಡಿಸುವವರು ಈ ಕೆಲಸವನ್ನು ಕೈಯಿಂದ ಮಾಡುತ್ತಿದ್ದರು. ಗಣಕದಲ್ಲಿ ಇದನ್ನು ಮಾಡಲು ಪ್ರತ್ಯೇಕ ತಂತ್ರಾಂಶವೇ ಬೇಕು. ಫಾಂಟ್ ಇದ್ದರೆ ಸಾಲದು, ಫಾಂಟಿನಿಂದ ಮೊಳೆ ಆಯ್ದು ಸರಿಯಾದ ಜಾಗದಲ್ಲಿ ಕೂರಿಸುವವನೂ ಇರಬೇಕು. ಅವನಿಲ್ಲದಿದ್ದರೆ ಒತ್ತಕ್ಷರ ಒಡೆದು ಸಾಲಾಗಿ ನಿಲ್ಲುತ್ತದೆ. ಫಾಂಟೂ ಇಲ್ಲದಿದ್ದರೆ ಬರೀ ಚೌಕದ ಡಬ್ಬಿಗಳು.

ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟ್ ಬಂತು. ಆದರೆ ಅದಕ್ಕೂ ಮೊದಲಿನಿಂದ ನಮ್ಮಲ್ಲಿ ಇನ್ನೊಂದು ಪದ್ಧತಿ ಬೇರೂರಿತ್ತು. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸುವ ಪದ್ಧತಿ ಅದು. ಅನೇಕ ಕನ್ನಡ ಜಾಲತಾಣಗಳು ಹಾಗೆಯೇ ನಡೆದವು. ಆಯಾ ಫಾಂಟ್ ಇರುವ ಗಣಕದಲ್ಲಿ ಅಚ್ಚುಕಟ್ಟಾದ ಕನ್ನಡ, ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಫೋನಿಗೆ ಫಾಂಟ್ ಹಾಕಿಕೊಳ್ಳುವ ಸೌಕರ್ಯವೇ ಇಲ್ಲದ್ದರಿಂದ ಈ ತಾಣಗಳೆಲ್ಲ ಯುನಿಕೋಡಿಗೆ ಬರುವತನಕ ಫೋನಿನ ಓದುಗನಿಗೆ ಬಾಗಿಲು ಮುಚ್ಚಿಯೇ ಇತ್ತು.

ದೂರದ ಸರ್ವರ್‌ನಲ್ಲಿ ಅಚ್ಚಾದ ಅಕ್ಷರ

ಎರಡನೆಯ ದಾರಿ ತೋರಿಸಿದ್ದು ನಾರ್ವೆಯ ಒಪೆರಾ. ಅಲ್ಲಿನ ದೂರಸಂಪರ್ಕ ಸಂಸ್ಥೆ ಟೆಲಿನಾರ್‌ನ ಸಂಶೋಧನಾ ವಿಭಾಗದಲ್ಲಿ 1994ರಲ್ಲಿ ಶುರುವಾಗಿ, ಮರುವರ್ಷ ಸ್ವತಂತ್ರ ಕಂಪನಿಯಾದ ಬ್ರೌಸರ್ ಇದು. ಹಗುರವಾದದ್ದು ಎಂಬ ಹೆಸರು ಮೊದಲಿನಿಂದ ಇತ್ತು. 2002ರಲ್ಲಿ ಒಪೆರಾ ಒಂದು ಉಪಾಯ ಮಾಡಿತು. ಗಣಕಕ್ಕೆಂದು ಮೂರು ನಾಲ್ಕು ಅಂಕಣಗಳಲ್ಲಿ ಹರಡಿದ ಪುಟವನ್ನು ಒಂದೇ ಅಂಕಣವಾಗಿ ಮರುಜೋಡಿಸಿ, ಅಡ್ಡಕ್ಕೆ ಸರಿಸದೆ ಮೇಲಿನಿಂದ ಕೆಳಕ್ಕೆ ಓದಿಕೊಂಡು ಹೋಗುವಂತೆ ಮಾಡಿತು. ಪುಟ ಬರೆದವರು ಏನನ್ನೂ ಬದಲಿಸಬೇಕಾಗಿರಲಿಲ್ಲ.

ಆದರೆ ಇಷ್ಟಕ್ಕೂ ಸ್ವಲ್ಪ ಶಕ್ತಿವಂತ ಫೋನ್ ಬೇಕಿತ್ತು. ಸಾಧಾರಣ ಜಾವಾ ಫೋನುಗಳ ಗತಿಯೇನು? 2005ರಲ್ಲಿ ನಾರ್ವೆಯಲ್ಲಿ ಪ್ರಯೋಗ ಮಾಡಿ 2006ರ ಜನವರಿಯಲ್ಲಿ ಲೋಕಕ್ಕೆಲ್ಲ ಬಿಡುಗಡೆಯಾದ ‘ಒಪೆರಾ ಮಿನಿ’ ಅದಕ್ಕೆ ಉತ್ತರವಾಗಿತ್ತು. ಇದರಲ್ಲಿ ಬ್ರೌಸರಿನ ಮುಖ್ಯ ಕೆಲಸ ಫೋನಿನಲ್ಲಿ ನಡೆಯುವುದೇ ಇಲ್ಲ. ನೀವು ವಿಳಾಸ ಕೊಟ್ಟರೆ ಅದು ಕಂಪನಿಯ ಸರ್ವರ್‌ಗೆ ಹೋಗುತ್ತದೆ. ಆ ಸರ್ವರ್ ನಿಮ್ಮ ಪರವಾಗಿ ಪುಟ ತರಿಸಿ, ಜೋಡಿಸಿ, ಹಿಂಡಿ ಚಿಕ್ಕದು ಮಾಡಿ ಫೋನಿಗೆ ಕಳಿಸುತ್ತದೆ. ಗಾತ್ರ 90 ಭಾಗದವರೆಗೆ ಇಳಿಯುತ್ತದೆ ಎಂದು ಕಂಪನಿ ಹೇಳಿಕೊಂಡಿತ್ತು. ಹತ್ತು ಕೆಬಿಗೆ ಇಷ್ಟು ಪೈಸೆ ಎಂದು ಲೆಕ್ಕ ಕಟ್ಟುತ್ತಿದ್ದ ಕಾಲದಲ್ಲಿ ಇದು ಸಣ್ಣ ಉಪಕಾರವಲ್ಲ. ಭಾರತದಲ್ಲಿ ಅತಿ ಹೆಚ್ಚು ಬಳಕೆಯಾದ ಮೊಬೈಲ್ ಬ್ರೌಸರ್‌ಗಳ ಸಾಲಿಗೆ ಅದು ಸೇರಿದ್ದರಲ್ಲಿ ಆಶ್ಚರ್ಯವಿಲ್ಲ.

ಕನ್ನಡಕ್ಕೆ ಬಾಗಿಲು ತೆರೆದದ್ದೂ ಇದೇ ವ್ಯವಸ್ಥೆ. ವಿಳಾಸದ ಜಾಗದಲ್ಲಿ ‘ಒಪೆರಾ ಕಾನ್ಫಿಗ್’ ಎಂದು ಟೈಪಿಸಿದರೆ ಒಂದು ಗುಪ್ತ ಪಟ್ಟಿ ತೆರೆಯುತ್ತಿತ್ತು. ಅದರಲ್ಲಿ, ಸಂಕೀರ್ಣ ಲಿಪಿಗಳಿಗೆ ಚಿತ್ರರೂಪದ ಅಕ್ಷರ ಬಳಸಬೇಕೇ ಎಂಬ ಅರ್ಥದ ಸಾಲು. ಅಲ್ಲಿ ‘ನೋ’ ಇದ್ದುದನ್ನು ‘ಯೆಸ್’ ಮಾಡಿ ಉಳಿಸಿದರೆ ಆಯಿತು. ಅಲ್ಲಿಯವರೆಗೆ ಡಬ್ಬಿ ತೋರಿಸುತ್ತಿದ್ದ ಫೋನ್ ಒತ್ತಕ್ಷರ ಸಮೇತ ಕನ್ನಡ ತೋರಿಸುತ್ತಿತ್ತು. ಕಾರಣ ಸರಳ. ಮೊಳೆ ಜೋಡಿಸುವ ಕೆಲಸ ದೂರದ ಸರ್ವರ್‌ನಲ್ಲಿ ಮುಗಿದು, ಅಚ್ಚಾದ ಅಕ್ಷರದ ಚಿತ್ರ ಮಾತ್ರ ಫೋನಿಗೆ ಬರುತ್ತಿತ್ತು. ಫೋನಿಗೆ ಕನ್ನಡ ಬರಬೇಕಾಗಿರಲಿಲ್ಲ. 2000ದ ದಶಕದ ಕೊನೆಯ ವರ್ಷಗಳಲ್ಲಿ ಈ ಉಪಾಯವನ್ನು ಒಬ್ಬರಿಗೊಬ್ಬರು ಹೇಳಿಕೊಟ್ಟು ಕನ್ನಡ ಓದಿದವರು ಬಹಳ ಮಂದಿ.

ಅನುಕೂಲದ ಬೆಲೆ

ಈ ಅನುಕೂಲ ಪುಕ್ಕಟೆಯಾಗಿ ಬಂದದ್ದಲ್ಲ. ಅಕ್ಷರ ಚಿತ್ರವಾದಾಗ ಪುಟದ ತೂಕ ಹೆಚ್ಚುತ್ತಿತ್ತು. ಇಂಗ್ಲಿಷ್ ಓದುವವನಿಗಿಂತ ಕನ್ನಡ ಓದುವವನಿಗೆ ಹೆಚ್ಚು ಕೆಬಿ ಖರ್ಚಾಗುತ್ತಿತ್ತು. ಫೋನಿಗೆ ತಲುಪಿದ್ದು ಅಕ್ಷರವಲ್ಲ, ಅಕ್ಷರದ ಚಿತ್ರ ಎಂಬುದನ್ನೂ ಮರೆಯುವಂತಿಲ್ಲ.

ಇನ್ನೂ ದೊಡ್ಡ ಪ್ರಶ್ನೆ ಗುಟ್ಟಿನದು. ಗಣಕದ ಬ್ರೌಸರ್ ಬ್ಯಾಂಕಿನ ಪುಟ ತೆರೆದಾಗ ನಡುವಿನ ಯಾರಿಗೂ ಓದಲಾಗದಂತೆ ಮಾಹಿತಿ ಬೀಗ ಹಾಕಿಕೊಂಡು ಸಾಗುತ್ತದೆ. ಸರ್ವರ್ ಮೂಲಕ ಹೋಗುವ ಬ್ರೌಸರಿನಲ್ಲಿ ಪುಟವನ್ನು ಮರುಜೋಡಿಸಬೇಕಾದರೆ ಆ ಬೀಗವನ್ನು ದಾರಿಯಲ್ಲೇ ಒಮ್ಮೆ ತೆಗೆಯಬೇಕು. ಒಪೆರಾ ಇದನ್ನು ಮುಚ್ಚಿಡಲಿಲ್ಲ. ತುದಿಯಿಂದ ತುದಿಗೆ ಭದ್ರತೆ ಬೇಕಾದವರು ತನ್ನ ಪೂರ್ಣ ಪ್ರಮಾಣದ ಬ್ರೌಸರ್ ಬಳಸಬೇಕು ಎಂದೇ ಹೇಳಿತ್ತು. ಆದರೆ ಆ ಬ್ರೌಸರ್‌ಗೆ ಬೇಕಾದ ಫೋನ್ ಬಡವನ ಬಳಿ ಇರಲಿಲ್ಲ. ಕಾಗದ ಓದಿಸಿಕೊಳ್ಳಲು ಇನ್ನೊಬ್ಬರ ಬಳಿ ಹೋಗುವವನಿಗೆ ಕಾಗದದ ಗುಟ್ಟು ಉಳಿಯುವುದಿಲ್ಲ. ಅವನ ಗುಟ್ಟು ಆ ಇನ್ನೊಬ್ಬರ ಒಳ್ಳೆಯತನದ ಮೇಲೆ ನಿಂತಿರುತ್ತದೆ.

ಒಳ್ಳೆಯತನದ ಮೇಲೆ ನಿಲ್ಲುವುದು ಎಷ್ಟು ಅಪಾಯ ಎಂಬುದನ್ನು ಮುಂದಿನ ಅಧ್ಯಾಯ ತೋರಿಸಿತು. ಇಂಥದೇ ಸಂಕೋಚನ ತಂತ್ರದಿಂದ ಭಾರತದಲ್ಲಿ ಬೆಳೆದ ಚೀನಾ ಮೂಲದ ಯುಸಿ ಬ್ರೌಸರ್ ಬಳಕೆದಾರರ ಮಾಹಿತಿಯನ್ನು ಸರಿಯಾದ ರಕ್ಷಣೆಯಿಲ್ಲದೆ ಸಾಗಿಸುತ್ತಿದೆ ಎಂದು ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ 2015ರ ಮೇ ತಿಂಗಳಲ್ಲಿ ವರದಿ ಮಾಡಿತು. 2020ರ ಜೂನ್ 29ರಂದು ಭಾರತ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಒಂದು.

ಇಡೀ ಬ್ರೌಸರನ್ನೇ ಹೊತ್ತು ತಂದವರು

ಮೂರನೆಯ ದಾರಿಯವರು ಹೇಳಿದ್ದು ಬೇರೆ: ಪುಟವನ್ನೂ ಬದಲಿಸುವುದು ಬೇಡ, ಇನ್ನೊಬ್ಬರ ಸರ್ವರೂ ಬೇಡ, ಗಣಕದ ಬ್ರೌಸರಿನ ಎಂಜಿನ್ನನ್ನೇ ಫೋನಿಗೆ ಕೂರಿಸೋಣ. ಬ್ರೌಸರಿನೊಳಗೆ ಎರಡು ಭಾಗಗಳಿರುತ್ತವೆ. ಪುಟವನ್ನು ಓದಿ ಚಿತ್ರಿಸುವ ಎಂಜಿನ್ ಒಂದು. ನಾವು ಕಾಣುವ ಗುಂಡಿ, ಪಟ್ಟಿಗಳ ಹೊರಮೈ ಇನ್ನೊಂದು. ಲಿನಕ್ಸ್ ಬಳಗದ ಕೆಡಿಇ ಯೋಜನೆಯ ಸ್ವಯಂಸೇವಕರು 1998ರಲ್ಲಿ ಆರಂಭಿಸಿದ ಒಂದು ಸಣ್ಣ ಎಂಜಿನ್ನನ್ನು ಆ್ಯಪಲ್ 2003ರಲ್ಲಿ ತನ್ನ ಸಫಾರಿ ಬ್ರೌಸರಿಗೆ ಬಳಸಿತು. ವೆಬ್‌ಕಿಟ್ ಎಂಬ ಹೆಸರಿನ ಅದನ್ನು 2005ರಲ್ಲಿ ಎಲ್ಲರಿಗೂ ಮುಕ್ತವಾಗಿಸಿತು. ನೋಕಿಯಾ ಅದನ್ನೇ ತನ್ನ ದುಬಾರಿ ಫೋನುಗಳಿಗೆ ತಂದು, ಇಡೀ ಪುಟದ ಪುಟ್ಟ ನಕ್ಷೆ ತೋರಿಸಿ ಬೇಕಾದ ಭಾಗಕ್ಕೆ ಹೋಗುವ ಸೌಲಭ್ಯ ಕೊಟ್ಟಿತು.

2007ರ ಐಫೋನ್ ಪುಟವನ್ನು 980 ಚುಕ್ಕಿ ಅಗಲದ ಕಾಲ್ಪನಿಕ ಹಾಳೆಯ ಮೇಲೆ ಬರೆದು, ಅದನ್ನು ಕುಗ್ಗಿಸಿ 320 ಚುಕ್ಕಿಯ ಪರದೆಯಲ್ಲಿ ತೋರಿಸಿತು. ಓದಬೇಕಾದ ಅಂಕಣದ ಮೇಲೆ ಎರಡು ಸಲ ತಟ್ಟಿದರೆ ಅದು ಪರದೆ ತುಂಬುವಷ್ಟು ಹಿಗ್ಗುತ್ತಿತ್ತು. ಮೌಸಿನ ಕೆಲಸ ಬೆರಳಿಗೆ ಬಂತು. ಹಾಗೆ ಬಂದಾಗ ಹೊಸ ತೊಂದರೆಗಳೂ ಬಂದವು. ಬೆರಳು ದಪ್ಪ, ಕೊಂಡಿಗಳು ಸಣ್ಣ. ಮೌಸಿನ ಬಾಣವನ್ನು ಮೇಲಿಟ್ಟಾಗ ತೆರೆಯುವ ಪಟ್ಟಿಗಳು ಬೆರಳಿಗೆ ತೆರೆಯುವುದಿಲ್ಲ, ಏಕೆಂದರೆ ಬೆರಳು ಒಂದೋ ಮುಟ್ಟುತ್ತದೆ, ಇಲ್ಲವೇ ಮುಟ್ಟುವುದಿಲ್ಲ.

ಮೊಜಿಲ್ಲಾದವರ ಅನುಭವ ಇನ್ನೂ ಬೋಧಪ್ರದ. ಅವರ ಫೈರ್‌ಫಾಕ್ಸ್ 2004ರಲ್ಲಿ ಗಣಕಕ್ಕೆ ಬಂದಿತ್ತು. ಫೋನಿಗೆ ತರುವ ಯೋಜನೆಗೆ ಸಹಾರಾ ಮರುಭೂಮಿಯ ದೊಡ್ಡ ಕಿವಿಯ ಪುಟ್ಟ ನರಿಯ ಹೆಸರು, ‘ಫೆನೆಕ್’, ಇಟ್ಟರು. 2010ರ ಜನವರಿಯಲ್ಲಿ ನೋಕಿಯಾ ಎನ್900 ಫೋನಿಗೆ, 2011ರಲ್ಲಿ ಆಂಡ್ರಾಯ್ಡ್‌ಗೆ ಬಂತು. ಎಂಜಿನ್ ಸರಿಯಾಗಿ ಕೂತರೂ ಗಣಕದಲ್ಲಿದ್ದ ಹಾಗೆಯೇ ಕಟ್ಟಿದ ಹೊರಮೈ ಫೋನಿಗೆ ಭಾರವಾಯಿತು. ತೆರೆಯುವುದೇ ನಿಧಾನ. ಕೊನೆಗೆ ಆ ಹೊರಮೈಯನ್ನು ಪೂರ್ತಿ ಕಿತ್ತು, ಆಂಡ್ರಾಯ್ಡ್‌ನದೇ ಸಾಮಗ್ರಿಯಿಂದ ಹೊಸದಾಗಿ ಕಟ್ಟಿ 2012ರ ಜೂನ್‌ನಲ್ಲಿ 14ನೇ ಆವೃತ್ತಿಯಾಗಿ ಬಿಟ್ಟರು. ಎಂಜಿನ್ನನ್ನು ಹೊತ್ತು ತರಬಹುದು, ಹೊರಮೈಯನ್ನು ಮಾತ್ರ ಹೋದ ಊರಿನಲ್ಲೇ ಕಟ್ಟಬೇಕು ಎಂಬ ಪಾಠ ಅದರಿಂದ ಸಿಕ್ಕಿತು.

ಇದೇ ಹೊತ್ತಿಗೆ ಕನ್ನಡದ ಕಗ್ಗಂಟೂ ಬಿಚ್ಚತೊಡಗಿತು. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಬೆಂಬಲ ಸೇರಿತು. 2014ರ 5.0 ಆವೃತ್ತಿಯಲ್ಲಿ ಫೋನಿನ ಆದೇಶಗಳೂ ಕನ್ನಡದಲ್ಲಿ ಬಂದವು. ಮೊಳೆ ಜೋಡಿಸುವವನು ದೂರದ ಸರ್ವರ್ ಬಿಟ್ಟು ಓದುಗನ ಜೇಬಿಗೇ ಬಂದು ಕುಳಿತ. ಅಕ್ಷರ ಅಕ್ಷರವಾಗಿಯೇ ತಲುಪಿತು. ಅದನ್ನು ಹುಡುಕಬಹುದು, ನಕಲು ಮಾಡಿ ಇನ್ನೊಬ್ಬರಿಗೆ ಕಳಿಸಬಹುದು, ಕಣ್ಣಿಗೆ ಬೇಕಾದಷ್ಟು ದೊಡ್ಡದು ಮಾಡಬಹುದು. ಮೂರನೆಯ ದಾರಿ ಗೆದ್ದಿತ್ತು. ಒಪೆರಾ ಕೂಡ 2013ರಲ್ಲಿ ತನ್ನ ಸ್ವಂತ ಎಂಜಿನ್ ಬಿಟ್ಟು ಈ ಬಳಗಕ್ಕೇ ಸೇರಿತು.

ಮರಳಿ ಬಂದ ಬಾಣ

ಕಥೆ ಇಲ್ಲಿಗೆ ಮುಗಿಯಲಿಲ್ಲ. ಮೊಜಿಲ್ಲಾ 2011ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಫೋನಿನ ಇಡೀ ವ್ಯವಸ್ಥೆಯೇ ಬ್ರೌಸರ್ ಎಂಜಿನ್ ಮೇಲೆ ನಡೆಯಲಿ ಎಂದು ಫೈರ್‌ಫಾಕ್ಸ್ ಓಎಸ್ ಕೆಲಸ ಆರಂಭಿಸಿತು. ಫೋನ್ ಮಾರುಕಟ್ಟೆಯಲ್ಲಿ ಸೋತು 2015ರ ಕೊನೆಗೆ ಕೈಬಿಟ್ಟಿತು. ಆದರೆ ಅದರ ಮೂಲದಿಂದಲೇ ಬೇರೆಯವರು ಕಾಯ್‌ಓಎಸ್ ಕಟ್ಟಿದರು. 2017ರ ಜುಲೈನಲ್ಲಿ ಪ್ರಕಟವಾದ ಜಿಯೋ ಫೋನ್ ನಡೆದದ್ದು ಅದರ ಮೇಲೆ. 1,500 ರೂಪಾಯಿ ಠೇವಣಿ, ಗುಂಡಿಗಳ ಫೋನು, ಕನ್ನಡವೂ ಸೇರಿ 22 ಭಾಷೆ.

ಸ್ಪರ್ಶ ಪರದೆ ಇಲ್ಲದ ಆ ಫೋನಿನ ಬ್ರೌಸರಿನಲ್ಲಿ ಒಂದು ಬಾಣದ ಗುರುತು ಕಾಣುತ್ತಿತ್ತು. ನಡುವಿನ ಗುಂಡಿಯ ನಾಲ್ಕು ಬದಿ ಒತ್ತಿ ಅದನ್ನು ಸರಿಸಬೇಕು, ಬೇಕಾದ ಕಡೆ ನಿಲ್ಲಿಸಿ ಒತ್ತಬೇಕು. ಗಣಕದ ಮೇಜಿನ ಮೇಲೆ ಮೌಸಿನಿಂದ ಓಡಾಡುತ್ತಿದ್ದ ಬಾಣ ಅದೇ. ಮೇಜು ಬಿಟ್ಟು ಬಂದ ಬ್ರೌಸರ್ ಬೆರಳನ್ನು ಕಲಿತು, ಮತ್ತೆ ಗುಂಡಿಗೆ ಹೊಂದಿಕೊಂಡಿತ್ತು. ಫೈರ್‌ಫಾಕ್ಸ್ ಎಂಬ ಹೆಸರೇ ಕೇಳದವರ ಕೈಯಲ್ಲಿ ಫೈರ್‌ಫಾಕ್ಸಿನ ಎಂಜಿನ್ ಕನ್ನಡ ಬರೆಯಿತು.

ಉಳಿದ ಲೆಕ್ಕ

ಹೀಗೆ ಬ್ರೌಸರ್ ತನ್ನ ಪಾಲಿನ ಕೆಲಸ ಬಹುಮಟ್ಟಿಗೆ ಮುಗಿಸಿದೆ. ಉಳಿದಿರುವುದು ಪುಟ ಬರೆಯುವವರ ಪಾಲು. 2010ರಲ್ಲಿ ಅಮೆರಿಕದ ಈಥನ್ ಮಾರ್ಕಾಟ್ ಅವರು ಒಂದೇ ಪುಟ ಪರದೆಯ ಅಗಲಕ್ಕೆ ತಕ್ಕಂತೆ ತಾನೇ ಮರುಜೋಡಣೆಯಾಗುವ ವಿನ್ಯಾಸವನ್ನು ವಿವರಿಸಿದರು. ಇಂದು ಸುದ್ದಿ, ವ್ಯಾಪಾರದ ತಾಣಗಳಲ್ಲಿ ಅದು ಸಾಮಾನ್ಯ. ಸರ್ಕಾರಿ ದಾಖಲೆಗಳ ಮಾತು ಬೇರೆ. ಪಹಣಿ ಕಾಗದದ ಮೇಲೆ ಅಡ್ಡಲಾಗಿ ಹಬ್ಬಿದ ಅನೇಕ ಕಲಮುಗಳ ಕೋಷ್ಟಕವಾಗಿ ಹುಟ್ಟಿದ್ದು. ಅದನ್ನು ಹಾಗೆಯೇ ಚಿಕ್ಕ ಪರದೆಗೆ ತಂದರೆ, ಹಿಗ್ಗಿಸಿದಾಗ ಮಾಲೀಕನ ಹೆಸರು ಕಂಡು ವಿಸ್ತೀರ್ಣ ಮರೆಯಾಗುತ್ತದೆ, ಸರಿಸಿದಾಗ ವಿಸ್ತೀರ್ಣ ಕಂಡು ಹೆಸರು ಮರೆಯಾಗುತ್ತದೆ. ಎಕರೆ ಗುಂಟೆಯ ಲೆಕ್ಕದಲ್ಲಿ ಒಂದು ಸಾಲು ತಪ್ಪಿ ಓದಿದರೆ ಪರಿಣಾಮ ಏನೆಂದು ರೈತರಿಗೆ ಗೊತ್ತು.

ಬ್ರೌಸರನ್ನು ಫೋನಿಗೆ ಇಳಿಸಿದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮೇಜಿನ ಕಡೆಯಿಂದ ನೋಡುತ್ತಾರೆ. ದೊಡ್ಡದು ಚಿಕ್ಕದಾಯಿತು ಎಂಬುದು ಅವರ ಮಾತು. ಹೋಬಳಿಯ ಕಡೆಯಿಂದ ನೋಡಿದರೆ ಆ ಮಾತು ಸರಿಹೊಂದುವುದಿಲ್ಲ. ಇಲ್ಲಿ ಬಹಳ ಮನೆಗಳಿಗೆ ಮೇಜಿನ ಗಣಕ ಬರಲೇ ಇಲ್ಲ. ಅವರು ಕಂಡ ಮೊದಲ ಬ್ರೌಸರ್ ಫೋನಿನದೇ. ಅವರ ಪಾಲಿಗೆ ಏನೂ ಚಿಕ್ಕದಾಗಿಲ್ಲ, ಇಲ್ಲದ್ದು ಬಂದಿದೆ. ಕಾಲು ಶತಮಾನದ ಹಿಂದೆ ಸಿಂಪ್ಯೂಟರ್ ಕಟ್ಟಿದವರು ಮೊದಲು ಕೇಳಿಕೊಂಡ ಪ್ರಶ್ನೆ, ಪರದೆಯ ಮುಂದೆ ಇರುವವರು ಯಾರು ಎಂಬುದು, ಅವರ ಯಂತ್ರ ಸೋತರೂ ಹಳತಾಗಿಲ್ಲ. ಗಿಲ್ಲೆಸುಗೂರು ಎಂಬ ಹೆಸರಿನ ಐದಕ್ಷರ ಒಡೆಯದೆ ಫೋನಿನಲ್ಲಿ ಮೂಡಲು ಅಷ್ಟು ವರ್ಷ, ಅಷ್ಟು ದೇಶಗಳ ದುಡಿಮೆ ಬೇಕಾಯಿತು. ಆ ಹೆಸರಿನ ಕೆಳಗಿರುವ ಪಹಣಿಯನ್ನೂ ಅಷ್ಟೇ ಸಲೀಸಾಗಿ ಓದುವಂತೆ ಮಾಡುವ ಕೆಲಸಕ್ಕೆ ಬೇರೆ ದೇಶದವರನ್ನು ಕಾಯಬೇಕಾಗಿಲ್ಲ. ಅದು ಇಲ್ಲಿಯೇ ಆಗಬೇಕಾದ್ದು.